ಮೊದಲ ವೋಟು ನೆಂಟರಿಗೆ, ಮಿಕ್ಕ ಎರಡು ಯಾರಿಗೆ?

ಸಂಪಾದಕರಿಗೆ ನಮಸ್ಕಾರ.

ಗ್ರಾಮ ಪಂಚಾಯಿತಿ ಚುನಾವಣೆ ಬಗ್ಗೆ ಪತ್ರಿಕೆಗಳಲ್ಲಿ ಏನಾದರೊಂದು ಬರುತ್ತಲೇ ಇದೆ. ಮೀಸಲಾತಿ ಪಟ್ಟಿ ಯಾವಾಗ, ಯಾವ ಪಕ್ಷದ ಬೆಂಬಲಿಗರು ಎಷ್ಟು ಜನ ಗೆಲ್ಲಬಹುದು, ಯಾವ ಶಾಸಕರಿಗೆ ಇದು ಪ್ರತಿಷ್ಠೆಯ ಪ್ರಶ್ನೆ, ಬರೀ ಇದೇ. ವೋಟು ಹಾಕುವವರು ಏನು ತಯಾರಿ ಮಾಡಿಕೊಳ್ಳಬೇಕು ಅನ್ನೋದು ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. 'ತಪ್ಪದೇ ಮತ ಚಲಾಯಿಸಿ' ಅಂತ ಒಂದು ಜಾಹೀರಾತು ಬಂದರೆ ಅಲ್ಲಿಗೆ ಮುಗಿಯಿತು.

ನನ್ನದು ಪಂಚಾಯಿತಿ ಆಫೀಸಿನ ಪಕ್ಕದಲ್ಲೇ ಜೆರಾಕ್ಸ್ ಅಂಗಡಿ. ತುಮಕೂರು ಜಿಲ್ಲೆಯ ಒಂದು ಹೋಬಳಿ ಊರು, ಹೆಸರು ಬೇಡ ಬಿಡಿ. ಪಂಚಾಯಿತಿಗೆ ಬರೋರೆಲ್ಲ ಆಧಾರ್ ಜೆರಾಕ್ಸಿಗೋ, ಇ-ಸ್ವತ್ತು ಅರ್ಜಿ ಬರೆಸೋದಕ್ಕೋ ನನ್ನ ಅಂಗಡಿಗೂ ಬಂದೇ ಬರುತ್ತಾರೆ. ಹಾಗಾಗಿ ಊರಿನ ಚುನಾವಣೆ ಮಾತು ಎಲ್ಲರಿಗಿಂತ ಮುಂಚೆ ನನ್ನ ಕಿವಿಗೆ ಬೀಳುತ್ತದೆ. ಈಚೆಗೆ ಬಂದವರನ್ನೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದೇನೆ: 'ನಿಮ್ಮ ವಾರ್ಡಲ್ಲಿ ನೀವು ಎಷ್ಟು ವೋಟು ಹಾಕಬಹುದು?' ಜಾಸ್ತಿ ಜನ ನಗುತ್ತಾರೆ. 'ಎಷ್ಟು ಅಂದ್ರೆ? ಒಂದೇ ಅಲ್ವಾ?' ಅನ್ನುತ್ತಾರೆ. ಡಿಗ್ರಿ ಓದಿದ ಹುಡುಗರೂ ಇದನ್ನೇ ಹೇಳುತ್ತಾರೆ. ವಯಸ್ಸಾದವರು ಮಾತ್ರ 'ನಮ್ದು ಮೂರು ಸೀಟು, ಮೂರು ಒತ್ತಬಹುದು' ಅಂತ ಥಟ್ಟಂತ ಹೇಳಿಬಿಡುತ್ತಾರೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎಂಎಲ್ಎ, ಎಂಪಿ ಚುನಾವಣೆಯಲ್ಲಿ ಒಂದು ಕ್ಷೇತ್ರಕ್ಕೆ ಒಬ್ಬರು. ಗ್ರಾಮ ಪಂಚಾಯಿತಿಯಲ್ಲಿ ಹಾಗಲ್ಲ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ ಅಂತ ಕಾನೂನಿನ ಲೆಕ್ಕ. ಊರು ದೊಡ್ಡದಿದ್ದರೆ ಒಂದೇ ವಾರ್ಡಿಗೆ ಇಬ್ಬರು, ಮೂವರು, ಕೆಲವು ಕಡೆ ನಾಲ್ವರು ಸದಸ್ಯರೂ ಇರುತ್ತಾರೆ. ವಾರ್ಡಿನಲ್ಲಿ ಎಷ್ಟು ಸೀಟೋ ಅಷ್ಟು ವೋಟು ನಿಮ್ಮ ಕೈಯಲ್ಲಿ. ಆದರೆ ಒಬ್ಬ ಅಭ್ಯರ್ಥಿಗೆ ಒಂದೇ ವೋಟು. ಮೂರನ್ನೂ ಒಬ್ಬನಿಗೇ ಸುರಿಯೋ ಹಾಗಿಲ್ಲ. ಮೂರು ಸೀಟಿರುವ ಕಡೆ ಒಂದೋ ಎರಡೋ ಒತ್ತಿ ಬಂದರೂ ನಡೆಯುತ್ತದೆ, ನಾಲ್ಕು ಒತ್ತಿದರೆ ಮಾತ್ರ ಇಡೀ ಮತಪತ್ರವೇ ತಿರಸ್ಕೃತ. ಕೆಲವು ಸೀಟು ಅವಿರೋಧವಾಗಿ ಆಗಿಹೋಗಿದ್ದರೆ ಹಾಕಬೇಕಾದ ವೋಟು ಕಮ್ಮಿಯಾಗಬಹುದು. ಅದಕ್ಕೇ ಮತಗಟ್ಟೆ ಒಳಗೆ ಹೋದ ಮೇಲೂ ಅಧಿಕಾರಿಯನ್ನು 'ಸಾರ್, ಇಲ್ಲಿ ಎಷ್ಟು ಒತ್ತಬೇಕು' ಅಂತ ಒಂದು ಮಾತು ಕೇಳಿಬಿಡಿ. ನಾಚಿಕೆ ಪಡೋದು ಏನಿದೆ ಅದರಲ್ಲಿ.

ಇಲ್ಲಿಯವರೆಗೆ ಬರೀ ನಿಯಮ. ನಾನು ಹೇಳಬೇಕು ಅಂದುಕೊಂಡಿರುವುದು ಬೇರೆ.

ಸುಮ್ನೆ ಲೆಕ್ಕಕ್ಕೆ ಅಂತ ಒಂದು ವಾರ್ಡು ತಗೊಳ್ಳೋಣ. ಮೂರು ಸೀಟು, 800 ಜನ ಬಂದು ವೋಟು ಹಾಕಿದರು ಅಂದುಕೊಳ್ಳಿ. ಎಲ್ಲರೂ ಮೂರೂ ಒತ್ತಿದರೆ ಒಟ್ಟು 2400 ವೋಟು. ಇದರಲ್ಲಿ ಪ್ರತಿಯೊಬ್ಬರ ಒಂದು ವೋಟು ಮೊದಲೇ ತೀರ್ಮಾನ ಆಗಿರುತ್ತದೆ. ಅಣ್ಣತಮ್ಮಂದಿರು, ನೆಂಟರು, ಕೇರಿಯವರು, ಕಷ್ಟಕ್ಕೆ ಆದವರು, ಹೀಗೆ ಯಾರೋ ಒಬ್ಬರಿಗೆ. ಆ 800 ಬಿಡಿ. ಮಿಕ್ಕ 1600? ಅವುಗಳ ಬಗ್ಗೆ ಯಾರೂ ಮನೆಯಲ್ಲಿ ಕೂತು ಯೋಚನೆ ಮಾಡಿರುವುದಿಲ್ಲ. ಊರಿನ ಫಲಿತಾಂಶ ತೀರ್ಮಾನ ಆಗುವುದು ಈ 1600ರಲ್ಲಿ. ಇದು ಅಭ್ಯರ್ಥಿಗಳಿಗೆ ಚೆನ್ನಾಗಿ ಗೊತ್ತು, ನಮಗೆ ಗೊತ್ತಿಲ್ಲ, ಅಷ್ಟೇ ವ್ಯತ್ಯಾಸ.

ಅದಕ್ಕೇ ಅವರು ಮನೆ ಬಾಗಿಲಿಗೆ ಬಂದಾಗ ಹೇಗೆ ಮಾತಾಡುತ್ತಾರೆ ಕೇಳಿ ನೋಡಿ. 'ಅಕ್ಕಾ, ನಿಮ್ಮ ಮೈದುನ ನಿಂತವ್ನೆ, ಅವನಿಗೆ ಹಾಕ್ಬೇಡಿ ಅಂತ ನಾನು ಹೇಳಕ್ಕಾಗುತ್ತಾ? ಅವನಿಗೊಂದು ಹಾಕಿ. ಇನ್ನೊಂದು ನಂಗೆ ಕೊಡಿ.' ಎಷ್ಟು ಸುಲಭ ನೋಡಿ. ಈ ಮಾತಿಗೆ ಇಲ್ಲ ಅನ್ನೋಕೆ ಯಾರಿಗೂ ಬಾಯಿ ಬರುವುದಿಲ್ಲ. ನೆಂಟರನ್ನು ಬಿಟ್ಟುಕೊಡಬೇಕಾಗಿಲ್ಲ, ಪಕ್ಷದ ಹಂಗಿಲ್ಲ, ಒಂದು ಮಿಕ್ಕಿದೆ, ಕೇಳಿದರು, ಕೊಟ್ಟೆವು. ಎರಡನೆಯದು ಹೀಗೆ ಹೋಯಿತು. ಮೂರನೆಯದಕ್ಕೆ ಒಂದು ಸೀರೆಯೋ, ಒಂದು ಕುಕ್ಕರೋ, ಹಿಂದಿನ ರಾತ್ರಿಯ ಬಾಡೂಟವೋ. ಬಾಡೂಟ ತಿಂದವರನ್ನು ನಾನು ಬೈಯಲ್ಲ, ಕರೆದರೆ ಊಟಕ್ಕೆ ಹೋಗುವುದು ನಮ್ಮ ಕಡೆ ಮರ್ಯಾದೆ. ಆದರೆ ಊಟ ಹಾಕಿದವನಿಗೆ ಮೊದಲ ವೋಟು ಬೇಕಿರಲಿಲ್ಲ, ನಿಮಗೆ ಬೇಡವಾದ ಮೂರನೆಯದೇ ಸಾಕಿತ್ತು ಅನ್ನೋದು ನೆನಪಿರಲಿ.

ಇನ್ನೊಂದು ನಮೂನೆಯೂ ಇದೆ. ಮೂವರು ಸೇರಿ ಒಂದು ಗುಂಪು ಕಟ್ಟಿಕೊಳ್ಳುತ್ತಾರೆ, 'ಮೂರೂ ನಮಗೇ ಒತ್ತಿ' ಅಂತ ಒಂದೇ ಪಾಂಪ್ಲೆಟ್ಟು ಹಂಚುತ್ತಾರೆ. ಗುಂಪು ಕಟ್ಟಿಕೊಳ್ಳುವುದು ತಪ್ಪಲ್ಲ. ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇಲ್ಲ, ಆಟೋನೋ ಹೊಲಿಗೆ ಯಂತ್ರಾನೋ ಯಾವುದಾದರೊಂದು ಕೊಡುತ್ತಾರೆ, ಹಾಗಾಗಿ ಜನ ಜೊತೆ ಸೇರಿಕೊಂಡು ನಿಲ್ಲುತ್ತಾರೆ. ಪಕ್ಷಗಳು ಹಿಂದುಗಡೆ ಇದ್ದೇ ಇರುತ್ತವೆ, ಅದು ಎಲ್ಲರಿಗೂ ಗೊತ್ತಿರುವ ಗುಟ್ಟು. ನನ್ನ ತಕರಾರು ಅಂದರೆ, ಆ ಪಾಂಪ್ಲೆಟ್ಟಿನಲ್ಲಿ ದೊಡ್ಡ ಫೋಟೋ ಒಬ್ಬರದೇ. ಮಿಕ್ಕಿಬ್ಬರದು ಸ್ಟಾಂಪ್ ಸೈಜು. ಆ ಸ್ಟಾಂಪ್ ಸೈಜಿನವರು ಯಾರು, ಏನು ಮಾಡಿಕೊಂಡಿದ್ದಾರೆ, ಗೆದ್ದ ಮೇಲೆ ಪಂಚಾಯಿತಿ ಸಭೆಯಲ್ಲಿ ಬಾಯಿ ಬಿಡುತ್ತಾರಾ ಇಲ್ಲವಾ, ಯಾರೂ ಕೇಳುವುದಿಲ್ಲ.

ಈಗ ಮೀಸಲು ಸೀಟಿಗೆ ಬರುತ್ತೇನೆ. ಇದನ್ನು ಬರೆದರೆ ನಮ್ಮೂರಲ್ಲಿ ಕೆಲವರಿಗೆ ಸಿಟ್ಟು ಬರಬಹುದು, ಬರಲಿ. ಮೂರು ಸೀಟಲ್ಲಿ ಒಂದು ಪರಿಶಿಷ್ಟ ಜಾತಿ ಮಹಿಳೆಗೆ, ಒಂದು ಹಿಂದುಳಿದ ವರ್ಗ 'ಅ'ಗೆ, ಒಂದು ಸಾಮಾನ್ಯ ಅಂತ ಬಂತು ಅಂದುಕೊಳ್ಳಿ. ಮೂರಕ್ಕೂ ವೋಟು ಹಾಕುವವರು ಇಡೀ ವಾರ್ಡಿನ ಎಲ್ಲ ಜನ. ಆದರೆ ನಮ್ಮ ಜನ ಏನನ್ನುತ್ತಾರೆ? 'ಅದು ಕಾಲೋನಿಯವರ ಸೀಟು, ನಮಗ್ಯಾಕೆ?' ನಮಗ್ಯಾಕೆ ಅಂತ ವೋಟು ಹಾಕದೆ ಬಂದರೂ ಒಂದು ಮಾತು. ಹಾಗೆ ಮಾಡೋದಿಲ್ಲ. ಊರಿನ ದೊಡ್ಡವರು 'ಇವಳಿಗೆ ಹಾಕಿ' ಅಂದ ಹೆಸರಿಗೆ ಒತ್ತಿ ಬರುತ್ತಾರೆ. ಆ ಸೀಟಿಗೆ ಪೈಪೋಟಿ ಅದೇ ವರ್ಗದ ಅಭ್ಯರ್ಥಿಗಳ ನಡುವೆ, ವೋಟು ಮಾತ್ರ ಎಲ್ಲರದು. ಹಾಗಾಗಿ ಕಾಲೋನಿಯವರು ಒಟ್ಟಾಗಿ ಬೇಕು ಅಂದ ಹೆಣ್ಣುಮಗಳು ಸೋತು, ದೊಡ್ಡ ಮನೆಯವರು ಹೇಳಿದ ಕಡೆ ಸಹಿ ಹಾಕುವವರು ಗೆದ್ದುಬಿಡಬಹುದು. ಸೀಟು ಮೀಸಲಿಟ್ಟಿದ್ದು ಯಾರಿಗೋಸ್ಕರ, ಆಯ್ಕೆ ಮಾಡಿದ್ದು ಯಾರು? ಈ ಸಲ ಒಂದು ಕೆಲಸ ಮಾಡಿ. ಮೀಸಲು ಸೀಟಿಗೆ ನಿಂತವರು ನಿಮ್ಮ ಬೀದಿಗೆ ಬಂದಾಗ ಬಾಗಿಲಲ್ಲೇ ನಿಲ್ಲಿಸಿ ಕೈ ಮುಗಿದು ಕಳಿಸಬೇಡಿ. ಒಳಗೆ ಕರೆದು ಕೂರಿಸಿ ಮಾತಾಡಿಸಿ. ಆ ಕೇರಿಯ ನಾಲ್ಕು ಜನರನ್ನು ಇವರು ಹೇಗೆ ಅಂತ ವಿಚಾರಿಸಿ.

ಹೆಣ್ಣುಮಕ್ಕಳ ವಿಷಯವೂ ಇದಕ್ಕೆ ಹತ್ತಿರದ್ದೇ. ನಮ್ಮ ರಾಜ್ಯದಲ್ಲಿ ಪಂಚಾಯಿತಿಯ ಅರ್ಧ ಸೀಟು ಮಹಿಳೆಯರಿಗೆ. ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ 73ನೇ ತಿದ್ದುಪಡಿ ಬರುವುದಕ್ಕೆ ಮುಂಚೆಯೇ, ಅಬ್ದುಲ್ ನಜೀರ್ ಸಾಬ್ ಅವರು ಮಂತ್ರಿಯಾಗಿದ್ದ ಕಾಲದ 1983ರ ಕಾನೂನಿನಲ್ಲೇ, ಕರ್ನಾಟಕ ಮಹಿಳೆಯರಿಗೆ ಕಾಲು ಭಾಗ ಮೀಸಲು ಇಟ್ಟಿತ್ತು. ಊರೂರಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಅನ್ನಿಸಿಕೊಂಡವರು ಅವರು. ಅಷ್ಟು ಹಿಂದೆ ಶುರುವಾದ ಕೆಲಸ, ಇವತ್ತಿಗೂ ಪಾಂಪ್ಲೆಟ್ಟಿನಲ್ಲಿ ಅಭ್ಯರ್ಥಿಯ ಫೋಟೋ ಪಕ್ಕ ಗಂಡನ ಫೋಟೋ, ಗಂಡನ ಮೊಬೈಲ್ ನಂಬರ್. ನನ್ನ ಅಂಗಡಿಯಲ್ಲೇ ಇಂಥ ಪಾಂಪ್ಲೆಟ್ಟು ಡಿಸೈನ್ ಮಾಡಿಸುತ್ತಾರೆ. 'ಅಕ್ಕನ ನಂಬರ್ ಹಾಕ್ಲಾ ಅಣ್ಣ?' ಅಂತ ಕೇಳಿದರೆ, 'ಅವಳ ಹತ್ರ ಫೋನೆಲ್ಲಿದೆ, ನಂದೇ ಹಾಕಪ್ಪಾ' ಅನ್ನುತ್ತಾರೆ. ಫೋನ್ ಇಲ್ಲದ ಸದಸ್ಯೆಗೆ ರಾತ್ರಿ ನೀರು ಬರಲಿಲ್ಲ ಅಂತ ಯಾರು ಹೇಳಬೇಕು? ಗಂಡನಿಗೆ ಹೇಳಬೇಕು. ಅವನು ಸದಸ್ಯನಲ್ಲ, ಅವನನ್ನು ಕೇಳೋ ಹಕ್ಕು ನಮಗಿಲ್ಲ, ಉತ್ತರ ಕೊಡೋ ಜವಾಬ್ದಾರಿ ಅವನಿಗಿಲ್ಲ. ಆದರೆ ಆಫೀಸಿನಲ್ಲಿ ಕುರ್ಚಿ ಎಳೆದುಕೊಂಡು ಕೂರುವವನು ಅವನೇ. ಹಾಗಾಗಿ ಪ್ರಚಾರಕ್ಕೆ ಬಂದಾಗ ಗಂಡ ಮಾತು ಶುರು ಮಾಡಿದರೆ, 'ನೀವು ಸ್ವಲ್ಪ ಇರಿ, ಅಕ್ಕ ಮಾತಾಡಲಿ' ಅನ್ನಿ. ಎಷ್ಟೋ ಹೆಣ್ಣುಮಕ್ಕಳು ಚೆನ್ನಾಗಿಯೇ ಮಾತಾಡುತ್ತಾರೆ. ಸಂಘದ ಲೆಕ್ಕ ಬರೆದು, ಬ್ಯಾಂಕಿಗೆ ಅಲೆದು, ಅಂಗನವಾಡಿಯಲ್ಲಿ ಜಗಳ ಮಾಡಿ ಪಳಗಿದವರು ಅವರು. ಮಾತಾಡೋಕೆ ಬಿಡೋರಿಲ್ಲ ಅಷ್ಟೇ.

ಸರಿ, ಮೂರು ವೋಟಿಗೆ ಮೂರು ಹೆಸರು ಯೋಚನೆ ಮಾಡಬೇಕು ಅಂದರೆ ಯಾವ ಆಧಾರದ ಮೇಲೆ? ಇಲ್ಲಿ ಸ್ವಲ್ಪ ಕೆಲಸ ಇದೆ, ಆದರೆ ಬಹಳ ಕಷ್ಟವೇನಿಲ್ಲ.

ಮೊದಲು ಪಂಚಾಯಿತಿ ದುಡ್ಡು ಎಲ್ಲಿಂದ ಬರುತ್ತದೆ ಅಂತ ಒಂದು ಅಂದಾಜು ಇರಲಿ. ನಮ್ಮ ಮನೆ ಕಂದಾಯ, ನೀರಿನ ಬಿಲ್ಲು, ಲೈಸೆನ್ಸು, ಸಂತೆ ಸುಂಕ ಒಂದು ಕಡೆ. ಕೇಂದ್ರದ ಹಣಕಾಸು ಆಯೋಗದ ಅನುದಾನ ಇನ್ನೊಂದು ಕಡೆ. 15ನೇ ಹಣಕಾಸು ಆಯೋಗದ ದುಡ್ಡಿನಲ್ಲಿ 2021ರಿಂದ ನೂರಕ್ಕೆ 60 ಭಾಗ ಕುಡಿಯುವ ನೀರಿಗೆ ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕು ಅಂತ ಕಟ್ಟುಪಾಡು ಇತ್ತು. ಹಾಗಾದರೆ ಐದು ವರ್ಷ ನಿಮ್ಮ ಬೀದಿಯಲ್ಲಿ ನೀರು ಸರಿಯಾಗಿ ಬಂತಾ, ಚರಂಡಿ ಆಯಿತಾ? ಇಲ್ಲ ಅಂದರೆ ಆ 60 ಭಾಗ ಯಾವ ಬೀದಿಗೆ ಹೋಯಿತು ಅಂತ ಹಳೇ ಸದಸ್ಯರನ್ನು ಕೇಳಬಹುದಲ್ವಾ? ಮತ್ತೆ ನರೇಗಾ. ಐದು ವರ್ಷ ಹಳ್ಳಿಯಲ್ಲಿ ಆದ ಕೆಲಸದಲ್ಲಿ ದೊಡ್ಡ ಪಾಲು ಅದರದ್ದೇ, ದನದ ಕೊಟ್ಟಿಗೆಯಿಂದ ಹಿಡಿದು ಶಾಲೆ ಕಾಂಪೌಂಡಿನವರೆಗೆ.

ಪ್ರತಿ ಕಾಮಗಾರಿ ಪಕ್ಕದಲ್ಲೂ ಒಂದು ನಾಮಫಲಕ ಇರಬೇಕು. ಸಿಮೆಂಟಿನಲ್ಲಿ ಕಟ್ಟಿ, ಬಣ್ಣ ಹೊಡೆದು, ಕೆಲಸದ ಹೆಸರು, ಅಂದಾಜು ಮೊತ್ತ, ಕೂಲಿಗೆ ಎಷ್ಟು, ಸಾಮಗ್ರಿಗೆ ಎಷ್ಟು ಅಂತ ಬರೆದಿರುತ್ತಾರೆ. ಒಂದು ಸಂಜೆ ನಿಮ್ಮ ವಾರ್ಡು ಸುತ್ತಿ ಈ ಫಲಕಗಳನ್ನು ಓದಿಕೊಂಡು ಬನ್ನಿ. ನಮ್ಮೂರ ಕೆರೆ ಏರಿ ಕೆಳಗೆ ಒಂದಿದೆ. ಫಲಕ ಗಟ್ಟಿಯಾಗಿ ನಿಂತಿದೆ, ಕಾಮಗಾರಿ ಹೆಸರು ಎದ್ದು ಕಾಣುತ್ತದೆ, ಮೊತ್ತ ಬರೆದ ಸಾಲು ಮಾತ್ರ ಸುಣ್ಣ ಉದುರಿ ಹೋಗಿದೆ. ಅದೊಂದೇ ಸಾಲು. ಮಳೆಗೂ ಅಷ್ಟು ಬುದ್ಧಿ ಇರುತ್ತೆ ನೋಡಿ. ಫಲಕದ ಎದುರು ಇರಬೇಕಾದ ಚರಂಡಿ ಅರ್ಧಕ್ಕೇ ನಿಂತು, ಯಾರದೋ ಹಿತ್ತಲಿಗೆ ನೀರು ಬಿಡುತ್ತಿದೆ. ಇಂಥದ್ದು ಒಂದು ನೋಡಿದರೆ ಸಾಕು, ಅಭ್ಯರ್ಥಿ ಬಂದಾಗ ಏನು ಕೇಳಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಕಾಗದದ ಲೆಕ್ಕ ಬೇಕು ಅನ್ನುವವರಿಗೂ ದಾರಿ ಇದೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಪಂಚಾಯಿತಿಯಲ್ಲಿ ಜಮಾಬಂದಿ ನಡೆಯಬೇಕು. ಹಿಂದಿನ ವರ್ಷದ ಜಮೆ, ಖರ್ಚು, ಆದ ಕೆಲಸ ಎಲ್ಲವನ್ನೂ ಜನರ ಮುಂದೆ ಇಟ್ಟು ತೋರಿಸುವ ದಿನ ಅದು. ಎಷ್ಟು ಜನ ಹೋಗಿದ್ದೀರಿ? ನಾನು ಪಕ್ಕದಲ್ಲೇ ಇರುವುದರಿಂದ ನೋಡಿದ್ದೇನೆ. ಅಧಿಕಾರಿಗಳು, ಸಿಬ್ಬಂದಿ, ಇಬ್ಬರು ಮೂವರು ಸದಸ್ಯರು, ಒಂದು ಗ್ರೂಪ್ ಫೋಟೋ, ಟೀ, ಮುಗಿಯಿತು. ಆ ದಿನ ತಪ್ಪಿಸಿಕೊಂಡವರು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಪಂಚಾಯಿತಿ ಸಭೆಗಳ ನಡಾವಳಿ ಪ್ರತಿ ಕೇಳಬಹುದು. ಅಷ್ಟು ರಗಳೆ ಬೇಡ ಅಂದರೆ ಮನೆಯಲ್ಲಿರುವ ಕಾಲೇಜು ಹುಡುಗರಿಗೆ ಹೇಳಿ. ಇ-ಗ್ರಾಮ್ ಸ್ವರಾಜ್ ಅಂತ ಕೇಂದ್ರ ಸರ್ಕಾರದ ವೆಬ್‌ಸೈಟ್ ಇದೆ, ಅದರಲ್ಲಿ ನಿಮ್ಮ ಪಂಚಾಯಿತಿ ಹೆಸರು ಹಾಕಿದರೆ ಯಾವ ಯೋಜನೆಗೆ ಎಷ್ಟು ಖರ್ಚು ಅಂತ ಬರುತ್ತದೆ. ರೀಲ್ಸ್ ನೋಡುವ ಫೋನಲ್ಲೇ ಬರುತ್ತದೆ.

ನಡಾವಳಿಯಲ್ಲಿ ನೋಡಬೇಕಾದ್ದು ದೊಡ್ಡದೇನಲ್ಲ. ಮತ್ತೆ ನಿಂತಿರುವ ಹಳೇ ಸದಸ್ಯ ಎಷ್ಟು ಸಭೆಗೆ ಬಂದಿದ್ದಾನೆ, ಬಂದಾಗ ಸಹಿ ಹಾಕಿ ಎದ್ದು ಹೋಗಿದ್ದಾನಾ, ಏನಾದರೂ ವಿಷಯ ಎತ್ತಿದ್ದಾನಾ. ಹೊಸಬರಿಗೆ ಬೇರೆ ಪ್ರಶ್ನೆ. ವಾರ್ಡ್ ಸಭೆಗೆ, ಗ್ರಾಮ ಸಭೆಗೆ ಇದುವರೆಗೆ ಯಾವತ್ತಾದರೂ ಬಂದಿದ್ದೀರಾ? ಮತದಾರರಾಗಿ ಒಂದು ಸಭೆಗೂ ಬಾರದವರು ಸದಸ್ಯರಾದ ಮೇಲೆ ಬಂದು ಏನು ಕಡಿದು ಗುಡ್ಡೆ ಹಾಕುತ್ತಾರೆ? ಇನ್ನೊಂದು ಪ್ರಶ್ನೆ ನನಗೆ ಬಹಳ ಇಷ್ಟ, ಕೇಳಿದರೆ ಎಲ್ಲರೂ ತಡವರಿಸುತ್ತಾರೆ: 'ಅಧ್ಯಕ್ಷರ ಚುನಾವಣೆಗೆ ಮುಂಚೆ ನಿಮ್ಮನ್ನು ಟೂರಿಗೆ ಕರೆದರೆ ಹೋಗ್ತೀರಾ?' ಯಾಕೆಂದರೆ ಅಧ್ಯಕ್ಷರನ್ನು ಆರಿಸುವವರು ಗೆದ್ದ ಸದಸ್ಯರೇ, ಕಳೆದ ಅವಧಿಯಲ್ಲಿ ಎರಡೂವರೆ ವರ್ಷಕ್ಕೊಬ್ಬರು ಅಧ್ಯಕ್ಷರು. ಎರಡು ಸಲ ಚುನಾವಣೆ. ಎರಡು ಸಲವೂ ಎಷ್ಟು ಊರಿನ ಸದಸ್ಯರು ಧರ್ಮಸ್ಥಳ, ಗೋವಾ ಅಂತ ಮಿನಿ ಬಸ್ಸಿನಲ್ಲಿ ಹೋಗಿ ಚುನಾವಣೆ ದಿನ ಬೆಳಿಗ್ಗೆ ನೇರವಾಗಿ ಆಫೀಸಿಗೇ ಬಂದು ಇಳಿದರು ಅನ್ನೋದು ನಿಮ್ಮ ಜಿಲ್ಲಾ ಪುಟಗಳನ್ನು ತಿರುವಿದರೆ ಸಿಗುತ್ತದೆ. ಸದಸ್ಯರಿಗೆ ಗೌರವಧನ ಅಂತ ಸಿಗುವುದು ಅಷ್ಟಕ್ಕಷ್ಟೆ. ಬಸ್ಸಿನ ಬಾಡಿಗೆ ಯಾರು ಕೊಟ್ಟರು, ಅದನ್ನು ಎಲ್ಲಿಂದ ವಾಪಸ್ ತೆಗೆಯುತ್ತಾರೆ ಅಂತ ಯೋಚನೆ ಮಾಡೋಕೆ ಬಹಳ ಬುದ್ಧಿ ಬೇಕಿಲ್ಲ.

ಹರಾಜಿನ ವಿಷಯ ಬರೆಯದಿದ್ದರೆ ಆಗುವುದಿಲ್ಲ. 2020ರ ಚುನಾವಣೆಯಲ್ಲಿ ದೇವಸ್ಥಾನದ ಕಟ್ಟೆ ಮೇಲೆ ಕೂತು ಸದಸ್ಯ ಸ್ಥಾನವನ್ನು ಲಕ್ಷಗಟ್ಟಲೆಗೆ ಹರಾಜು ಕೂಗಿದ ಸುದ್ದಿ ರಾಜ್ಯದ ಬೇರೆ ಬೇರೆ ಜಿಲ್ಲೆಗಳಿಂದ ಬಂತು. ಚುನಾವಣಾ ಆಯೋಗ ಎಚ್ಚರಿಕೆಯನ್ನೂ ಕೊಟ್ಟಿತು. ಆ ಸಲ ರಾಜ್ಯದಲ್ಲಿ 8 ಸಾವಿರಕ್ಕೂ ಜಾಸ್ತಿ ಸದಸ್ಯರು ಅವಿರೋಧವಾಗಿ ಆಯ್ಕೆಯಾದರು. ಎಲ್ಲವೂ ಹರಾಜಲ್ಲ, ಕೆಲವು ಕಡೆ ನಿಜವಾಗಿಯೂ ಒಳ್ಳೆಯವರು ಅಂತ ಎಲ್ಲರೂ ಒಪ್ಪಿರುತ್ತಾರೆ, ಕೆಲವು ಮೀಸಲು ಸೀಟಿಗೆ ಇನ್ನೊಬ್ಬರು ನಿಲ್ಲುವುದಕ್ಕೇ ಸಿಕ್ಕಿರುವುದಿಲ್ಲ. ಆದರೆ ಹರಾಜು ಮಾಡುವವರ ವಾದ ಇದೆಯಲ್ಲ, 'ದುಡ್ಡು ದೇವಸ್ಥಾನಕ್ಕೆ ತಾನೇ ಹೋಗೋದು, ನಾವೇನು ಜೇಬಿಗೆ ಹಾಕ್ಕೊಂಡ್ವಾ' ಅನ್ನೋದು, ಅದನ್ನು ಕೇಳಿದರೆ ಮೈ ಉರಿಯುತ್ತದೆ. ಗೋಪುರ ಕಟ್ಟಬೇಕು ಅಂದರೆ ಚಂದಾ ಎತ್ತಿ, ನಾನೂ ಕೊಡುತ್ತೇನೆ. ನನ್ನ ಮೂರು ವೋಟು ನನ್ನನ್ನು ಕೇಳದೆ ಮಾರೋಕೆ ಇವರಿಗೆ ಅಧಿಕಾರ ಕೊಟ್ಟವರು ಯಾರು? ನಿಮ್ಮೂರಲ್ಲಿ ಇಂಥ ಮಾತು ಶುರುವಾದರೆ ನಾಮಪತ್ರದ ದಿನದವರೆಗೆ ಕಾಯಬೇಡಿ, ತಹಶೀಲ್ದಾರರಿಗೆ ಅವತ್ತೇ ಹೇಳಿ. ನಾಮಪತ್ರ ಹಾಕೋಕೆ 21 ವರ್ಷ ತುಂಬಿ, ಆ ಪಂಚಾಯಿತಿ ಮತದಾರರ ಪಟ್ಟಿಯಲ್ಲಿ ಹೆಸರಿದ್ದು, ಕಾನೂನಿನ ಬೇರೆ ಅಡ್ಡಿ ಇಲ್ಲದಿದ್ದರೆ ಸಾಕು. ಊರಿನ ಒಪ್ಪಿಗೆ ಬೇಕಿಲ್ಲ.

ಮತದಾರರ ಪಟ್ಟಿ ಅಂದೆನಲ್ಲ, ಅದಕ್ಕೆ ಬರುತ್ತೇನೆ. ನಿಜ ಹೇಳಬೇಕೆಂದರೆ ಎಲ್ಲಕ್ಕಿಂತ ಮುಂಚೆ ಮಾಡಬೇಕಾದ ಕೆಲಸ ಇದೇ.

'ವೋಟರ್ ಐಡಿ ಇದೆ, ಇನ್ನೇನು' ಅಂತ ಸುಮ್ಮನಿರಬೇಡಿ. ಕಾರ್ಡು ಇರುವುದು ಬೇರೆ, ಪಟ್ಟಿಯಲ್ಲಿ ಹೆಸರಿರುವುದು ಬೇರೆ. ಪಂಚಾಯಿತಿ ಪಟ್ಟಿಯನ್ನು ವಿಧಾನಸಭೆ ಪಟ್ಟಿಯ ಆಧಾರದ ಮೇಲೆ, ಅದನ್ನು ವಾರ್ಡುವಾರು ಒಡೆದು ಮಾಡುತ್ತಾರೆ. ಈ ಒಡೆಯುವ ಕಡೆಯೇ ಎಡವಟ್ಟು ಆಗುವುದು. ಕರಡು ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಿದಾಗ ಜನ ಫೋನಲ್ಲಿ ಫೋಟೋ ಹೊಡೆದುಕೊಂಡು ಬಂದು ನನ್ನ ಹತ್ತಿರ ಪ್ರಿಂಟ್ ತೆಗೆಸುತ್ತಾರೆ. ಒಂದೇ ಮನೆಯ ಗಂಡ ಒಂದು ವಾರ್ಡಲ್ಲಿ, ಹೆಂಡತಿ ಇನ್ನೊಂದು ವಾರ್ಡಲ್ಲಿ. ಮನೆ ನಂಬರ್ ಇರುವ ಕಡೆ ಸೊನ್ನೆ. ತೀರಿಕೊಂಡ ಅಜ್ಜನ ಹೆಸರು ಹಾಗೇ ಇದೆ, ಹದಿನೆಂಟು ತುಂಬಿದ ಮೊಮ್ಮಗಳದ್ದು ಇಲ್ಲ. ಮದುವೆಯಾಗಿ ಬಂದ ಸೊಸೆಯರ ಹೆಸರು ತವರಿನ ಪಟ್ಟಿಯಲ್ಲೇ ಉಳಿದಿರುತ್ತದೆ. ಇದು ಎಷ್ಟು ಮನೆಯಲ್ಲಿದೆ ಅಂತ ಹೇಳೋದೇ ಬೇಡ. ಹೊಸದಾಗಿ ಸೇರಿಸಲು ನಮೂನೆ 6, ತಿದ್ದುಪಡಿಗೆ ಮತ್ತು ವಿಳಾಸ ಬದಲಾವಣೆಗೆ ನಮೂನೆ 8, ತೆಗೆಯಲು ನಮೂನೆ 7. ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್ಒ) ಕೈಗೆ ಕೊಡಬಹುದು, ಚುನಾವಣಾ ಆಯೋಗದ ಆ್ಯಪ್‌ನಲ್ಲಿ ಹಾಕಬಹುದು, ಅನುಮಾನ ಇದ್ದರೆ 1950ಕ್ಕೆ ಫೋನ್ ಮಾಡಬಹುದು. ಹದಿನೆಂಟು ತುಂಬುವ ಲೆಕ್ಕವನ್ನು ಈಗ ಜನವರಿ 1ಕ್ಕೆ ಮಾತ್ರ ಹಿಡಿಯುವುದಿಲ್ಲ, ಏಪ್ರಿಲ್, ಜುಲೈ, ಅಕ್ಟೋಬರ್ 1ಕ್ಕೂ ಹಿಡಿಯುತ್ತಾರೆ. ಮತದಾನದ ದಿನ ಬೆಳಿಗ್ಗೆ ಕಾರ್ಡು ಹಿಡಿದುಕೊಂಡು ಬಂದು ಹೆಸರಿಲ್ಲ ಅಂತ ಗಲಾಟೆ ಮಾಡಿದರೆ ಬಿಸಿಲಲ್ಲಿ ನಿಂತ ಮಿಕ್ಕವರಿಗೆ ತೊಂದರೆ ಅಷ್ಟೇ, ಆ ದಿನ ಯಾರೂ ಏನೂ ಮಾಡಿಕೊಡಲಾರರು.

ಬೆಂಗಳೂರಲ್ಲಿ ಕೆಲಸ ಮಾಡುವ ನಮ್ಮೂರ ಹುಡುಗರಿಗೆ ಒಂದು ಮಾತು. ನಿಮ್ಮ ಹೆಸರು ಇಲ್ಲೂ ಇದೆ, ಅಲ್ಲೂ ಇದೆ ಅಂತ ಕೆಲವರು ಹೆಮ್ಮೆಯಿಂದ ಹೇಳಿಕೊಳ್ಳುತ್ತೀರಿ. ಎರಡು ಕಡೆ ಹೆಸರು ಇರುವುದು ಕಾನೂನಿಗೆ ವಿರುದ್ಧ. ಯಾವ ಕಡೆ ಬದುಕುತ್ತೀರೋ ಆ ಕಡೆ ಇಟ್ಟುಕೊಳ್ಳಿ, ಇನ್ನೊಂದನ್ನು ತೆಗೆಸಿ. ಇಲ್ಲೇ ಇಟ್ಟುಕೊಂಡಿದ್ದೀರಿ ಅಂದರೆ, ಯಾರೋ ಕಳಿಸಿದ ಟೆಂಪೋ ಟ್ರಾವೆಲರ್ ಹತ್ತಿ ಬೆಳಿಗ್ಗೆ ಬಂದು, ಕೈಗಿಟ್ಟ ಚೀಟಿ ನೋಡಿ ಒತ್ತಿ, ಮಧ್ಯಾಹ್ನ ಊಟ ಮುಗಿಸಿ ವಾಪಸ್ ಹೋಗಬೇಡಿ. ಒಂದು ದಿನ ಮುಂಚೆ ನಿಮ್ಮ ದುಡ್ಡಲ್ಲಿ ಬನ್ನಿ. ಅಪ್ಪ ಅಮ್ಮನ ಹತ್ತಿರ ಕೂತು ಐದು ವರ್ಷ ಊರಲ್ಲಿ ಏನಾಯಿತು ಕೇಳಿ. ಆ ಮೇಲೆ ಹಾಕಿ.

ಇನ್ನು ಮತಪತ್ರ. ಎಂಎಲ್ಎ ಚುನಾವಣೆಯ ಮಿಷನ್ನಿಗೆ ನಮ್ಮ ಕೈ ಒಗ್ಗಿಹೋಗಿದೆ. ಗ್ರಾಮ ಪಂಚಾಯಿತಿಗೆ 2020ರಲ್ಲಿ ಬೀದರ್ ಜಿಲ್ಲೆ ಬಿಟ್ಟರೆ ಮಿಕ್ಕ ಕಡೆಯೆಲ್ಲ ಕಾಗದದ ಮತಪತ್ರವೇ. ಡಿಸೆಂಬರ್ 22 ಮತ್ತು 27ಕ್ಕೆ ಎರಡು ಹಂತದಲ್ಲಿ ಮತದಾನ ಆಗಿ, 30ಕ್ಕೆ ಎಣಿಕೆ ಇಟ್ಟಿದ್ದರು. ಎಣಿಕೆ ಮುಗಿಯೋಕೆ ಕೆಲವು ಕಡೆ ನಡುರಾತ್ರಿ ದಾಟಿತ್ತು. ಆಗ ಹದಿನೆಂಟು ತುಂಬದೇ ಇದ್ದವರು ಇದುವರೆಗೆ ಮತಪತ್ರ ಮುಟ್ಟಿಯೇ ಇಲ್ಲ. ಅವರಿಗೆ ಯಾರಾದರೂ ಹೇಳಿಕೊಡಬೇಕಲ್ವಾ? ಕೊಡುವುದು ಬಾಣದ ಗುರುತಿನ ಅಡ್ಡ ಮುದ್ರೆ ಇರುವ ರಬ್ಬರ್ ಸ್ಟಾಂಪ್. ಅದನ್ನು ಬೇಕಾದ ಚಿಹ್ನೆಯ ಸಾಲಿನಲ್ಲಿ, ಗೆರೆ ದಾಟದ ಹಾಗೆ ಒತ್ತಬೇಕು. ಎರಡು ಸಾಲಿನ ಮಧ್ಯೆ ಬಿದ್ದರೆ ಯಾರಿಗೂ ಇಲ್ಲ. ಹೆಬ್ಬೆಟ್ಟು ಒತ್ತಬಾರದು, ಪೆನ್ನಲ್ಲಿ ಟಿಕ್ ಹಾಕಬಾರದು, ಸಹಿ ಹಾಕಲೇಬಾರದು. ಕೆಲವರು ಪ್ರೀತಿ ಜಾಸ್ತಿಯಾಗಿ ಒಂದೇ ಚಿಹ್ನೆ ಮೇಲೆ ಮೂರು ಸಲ ಒತ್ತುತ್ತಾರಂತೆ, ಅದರಿಂದ ಅವನಿಗೆ ಮೂರು ವೋಟು ಬೀಳುವುದಿಲ್ಲ. ಒತ್ತಿದ ಮೇಲೆ ಒಂದು ಕ್ಷಣ ಶಾಯಿ ಆರಲು ಬಿಟ್ಟು, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಿಸಿ. ಹಸಿ ಶಾಯಿ ಇನ್ನೊಬ್ಬನ ಚಿಹ್ನೆಗೆ ಅಂಟಿಕೊಂಡರೆ ಎಣಿಕೆ ಟೇಬಲ್ಲಿನಲ್ಲಿ ಏಜೆಂಟರು ಜಗಳಕ್ಕೆ ಬೀಳುತ್ತಾರೆ. ಒಂದೊಂದು ವಾರ್ಡಲ್ಲಿ ಗೆಲುವು ಸೋಲು ಒಂದೆರಡು ವೋಟಿನಲ್ಲಿ ಇರುತ್ತದೆ, ಸಮ ಬಂದು ಚೀಟಿ ಎತ್ತಿದ್ದೂ ಉಂಟು. ಅಂಥ ಕಡೆ ಐದಾರು ಮತಪತ್ರ ತಿರಸ್ಕೃತ ಆಯಿತು ಅಂದರೆ ಹೊಟ್ಟೆ ಉರಿಯುವುದಿಲ್ಲವೇ?

ಕಣ್ಣು ಕಾಣದ, ಕೈ ನಡುಗುವ ಹಿರಿಯರು ಸಹಾಯಕ್ಕೆ ಮನೆಯವರನ್ನು ಕರೆದುಕೊಂಡು ಹೋಗಬಹುದು, ಅಲ್ಲಿನ ಅಧಿಕಾರಿಗೆ ಮೊದಲು ಹೇಳಬೇಕು. ಯಾರನ್ನು ಕರೆದುಕೊಂಡು ಹೋಗುವುದು ಅಂತಲೂ ಹಿರಿಯರೇ ತೀರ್ಮಾನ ಮಾಡಲಿ. 'ಬಾರಜ್ಜಿ, ನಾನ್ ಹಾಕುಸ್ತೀನಿ' ಅಂತ ಗೇಟಿನಲ್ಲೇ ಕಾಯುವ ಹುಡುಗರು ಪ್ರತಿ ಸಲ ಇರುತ್ತಾರೆ. ಹಿಂದಿನ ದಿನ ಮನೆಯಲ್ಲೇ ಒಂದು ಕಾಗದದಲ್ಲಿ ಗೆರೆ ಎಳೆದು, ನಿಂತಿರುವವರ ಚಿಹ್ನೆ ಬರೆದು ಅಜ್ಜ ಅಜ್ಜಿಗೆ ತೋರಿಸಿ. ಚಿಹ್ನೆ ನೆನಪಿರಲಿ. ಒಂದೇ ಇನಿಷಿಯಲ್ಲಿನ ಇಬ್ಬರು, ಒಂದೇ ಹೆಸರಿನ ಇಬ್ಬರು ನಿಂತಿರುವುದು ಹಳ್ಳಿಯಲ್ಲಿ ಅಪರೂಪವೇನಲ್ಲ. ಕೆಲವು ಸಲ ಬೇಕು ಅಂತಲೇ ನಿಲ್ಲಿಸುತ್ತಾರೆ.

ಚುನಾವಣೆ ಮುಂದಕ್ಕೆ ಹೋಗುತ್ತದೆ, ಇಷ್ಟು ಬೇಗ ಯಾಕೆ ಈ ಮಾತು ಅಂತ ಕೆಲವರು ಅನ್ನುತ್ತಾರೆ. ಹೋಗಬಹುದು. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ಮತ ಹಾಕಿದವರು ಅವಧಿ 2021ಕ್ಕೆ ಮುಗಿದ ಮೇಲೆ ಕಾಯುತ್ತಲೇ ಕೂತರು. ಸದಸ್ಯರ ಬದಲು ಸರ್ಕಾರ ನೇಮಿಸುವ ಆಡಳಿತಾಧಿಕಾರಿ ಇದ್ದರೆ ಏನು ಕಮ್ಮಿ ಅಂತ ಕೇಳುವವರೂ ಇದ್ದಾರೆ. ಕಮ್ಮಿ ಏನು ಅಂದರೆ, ರಾತ್ರಿ ಮೋಟಾರು ಸುಟ್ಟರೆ ಬೈಯೋಕೆ ಒಬ್ಬ ಸದಸ್ಯ ಬೀದಿಯಲ್ಲಿ ಇರಬೇಕು. ಆಡಳಿತಾಧಿಕಾರಿಯನ್ನು ಬೈಯೋಕೆ ತಾಲ್ಲೂಕು ಕೇಂದ್ರಕ್ಕೆ ಬಸ್ ಹತ್ತಬೇಕು.

ಕಡೆಯದಾಗಿ ನಿಮ್ಮ ಪತ್ರಿಕೆಗೆ ಒಂದು ಕೋರಿಕೆ. ಅಧಿಸೂಚನೆ ಹೊರಬಿದ್ದ ಕೂಡಲೇ ಜಿಲ್ಲಾ ಪುಟದಲ್ಲಿ ಒಂದು ಅರ್ಧ ಪುಟ ಇದಕ್ಕೆ ಕೊಡಿ. ತಾಲ್ಲೂಕುವಾರು ಯಾವ ಪಂಚಾಯಿತಿ, ಯಾವ ವಾರ್ಡು, ಎಷ್ಟು ಸೀಟು, ಯಾವ ಮೀಸಲು ಅಂತ ಪಟ್ಟಿ ಹಾಕಿ. ಒಂದು ಮಾದರಿ ಮತಪತ್ರದ ಚಿತ್ರ ಹಾಕಿ, ಸರಿಯಾಗಿ ಒತ್ತಿದ್ದು ಹೇಗೆ, ತಿರಸ್ಕೃತ ಆಗೋದು ಹೇಗೆ ಅಂತ ಪಕ್ಕಪಕ್ಕ ತೋರಿಸಿ. ಸ್ಥಳ ಇಲ್ಲ ಅನ್ನಬೇಡಿ, ಹುಟ್ಟುಹಬ್ಬದ ಶುಭಾಶಯಕ್ಕೆ ಪೂರ್ತಿ ಪುಟ ಕೊಡುತ್ತೀರಿ. ನೀವು ಹಾಕಿದ ದಿನ ನಾನು ಅದರ ಪ್ರತಿ ತೆಗೆದು ಅಂಗಡಿಗೆ ಬಂದವರಿಗೆಲ್ಲ ಕೊಡುತ್ತೇನೆ, ಜೆರಾಕ್ಸಿಗೆ ದುಡ್ಡು ತಗೊಳ್ಳೋದಿಲ್ಲ.

ಇಂತಿ,
ಒಬ್ಬ ಓದುಗ
ತುಮಕೂರು ಜಿಲ್ಲೆ